ಹೊಳಪಿಗೆ ಹೋದ ಎಂಜಿನ್ ನಂಬರು

ಮನುಷ್ಯನನ್ನು ನೆಟ್ಟಗೆ ನಿಲ್ಲಿಸಿರುವುದು ಭಯ. ಅದಿಲ್ಲದಿದ್ದರೆ ರಾಜ್ಯಗಳು ಉರುಳುತ್ತವೆ, ಸಂಸಾರಗಳು ಒಡೆಯುತ್ತವೆ, ಸರಕಾರಿ ಕಚೇರಿಗೆ ಯಾರೂ ಹತ್ತು ಗಂಟೆಗೆ ಬರುವುದಿಲ್ಲ. ನನ್ನನ್ನು ಮಾತ್ರ ಅದು ನೆಟ್ಟಗೆ ನಿಲ್ಲಿಸಲಿಲ್ಲ. ಒಂದು ಶನಿವಾರ ಬೆಳಿಗ್ಗೆ, ಲೇಕ್ ಗಾರ್ಡನ್ಸಿನ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ, ಕೈಯಲ್ಲಿ ಪೆನ್ಸಿಲ್ ಕೊಟ್ಟು ಮೊಣಕಾಲ ಮೇಲೆ ಕೂರಿಸಿತು.

ಮೆಟ್ಟಿಲ ಕೆಳಗಿದ್ದದ್ದು ನನ್ನ ಮೋಟರ್‌ಸೈಕಲ್ಲು. ಕೇಂದ್ರ ಸರಕಾರದ ಕೆಲಸದಲ್ಲಿ ಧಾರವಾಡದಿಂದ ಕಲ್ಕತ್ತೆಗೆ ವರ್ಗವಾಗಿ ಬಂದ ಹೊಸದರಲ್ಲಿ ಕೊಂಡದ್ದು. ಬಣ್ಣ ಕಪ್ಪು ಎಂದು ನೋಂದಣಿ ಪುಸ್ತಕ ಹೇಳುತ್ತಿತ್ತು. ಗಾಡಿ ಆ ಮಾತನ್ನು ಒಪ್ಪುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ಇಲ್ಲಿಯ ಗಾಳಿಯಲ್ಲಿ ಉಪ್ಪೂ ಅಕ್ಕಿಯೂ ಒದ್ದೆಯಾಗುತ್ತವೆ, ಕಬ್ಬಿಣವನ್ನು ಕೇಳುವವರಾರು. ಸೈಲೆನ್ಸರಿನ ಮೇಲೆ ಸಿಡುಬಿನ ಕಲೆಯಂತೆ ತುಕ್ಕು ಎದ್ದಿತ್ತು. ಎಂಜಿನ್ನಿನ ಅಲ್ಯುಮಿನಿಯಂ ಹೊದಿಕೆ ಹಳೆಯ ಪಾತ್ರೆಯ ತಳದ ಹಾಗೆ ಕಂದಿತ್ತು. ಆದರೂ ಗಾಡಿ ಓಡುತ್ತಿತ್ತು, ನಾನೂ ಓಡಿಸುತ್ತಿದ್ದೆ, ನಮ್ಮಿಬ್ಬರ ಮೇಲೆ ಯಾರ ದೂರೂ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಊರೇ ಹೊಳೆಯತೊಡಗಿತು. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಎದ್ದವು. ಅಲ್ಲಿ ಕೆಲಸಕ್ಕೆ ಸೇರಿದ ಹುಡುಗರೆಲ್ಲ ಗಾಡಿ ಕೊಂಡು, ಗಾಡಿಗೆ ಬಣ್ಣ ಬಳಿಸಿ, ಕೈಗೆ ಸಿಕ್ಕ ಕಡೆಗೆಲ್ಲ ಕ್ರೋಮ್ ಹಾಕಿಸಿದರು. ನನ್ನ ಮಗಳೂ ಅಂಥದೊಂದು ಕಟ್ಟಡದಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಅವಳ ಆಫೀಸಿನ ಬಸ್ಸು ಬರುವ ಮೂಲೆಗೆ ಅವಳನ್ನು ಬಿಡುವುದು ನನ್ನ ಕೆಲಸ.

ಒಂದು ದಿನ ಇಳಿದವಳು ಹೆಲ್ಮೆಟ್ ಕೈಗೆ ಕೊಟ್ಟು ಹೇಳಿದಳು: "ಅಪ್ಪಾ, ಡೋಂಟ್ ಮೈಂಡ್. ಬಸ್ ಬರೋಕಿಂತ ಮೊದ್ಲ ನೀ ಹೋಗಿಬಿಡ್ತೀಯಾ ಪ್ಲೀಸ್?"

"ಯಾಕ?"

"ಕುಛ್ ನಹೀ. ಎಲ್ಲರೂ ಕೇಳ್ತಾರ, ಇದು ಯಾವ ಸೆಂಚುರಿ ಬೈಕ್ ಅಂತ. ನಿನಗ ಅಲ್ಲ ಅನ್ನೂದು. ಬೈಕ್‌ಗೆ."

ನನಗೇನೂ ಅನಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೂ ಮಗಳ ಮಾತಿಗೆ ಗಾಡಿಗೆ ಅಲಂಕಾರ ಮಾಡಿಸಿದೆನೆಂದು ಯಾರೂ ತಿಳಿಯಬಾರದು. ನನ್ನ ಕಾರಣ ಹೆಚ್ಚು ಘನವಾದದ್ದು. ನೋಂದಣಿಯ ಹದಿನೈದು ವರ್ಷ ಮುಗಿಯುತ್ತ ಬಂದಿತ್ತು. ಸಾರಿಗೆ ಕಚೇರಿಯ ಇನ್ಸ್‌ಪೆಕ್ಟರ ಮುಂದೆ ಗಾಡಿಯನ್ನು ತಪಾಸಣೆಗೆ ನಿಲ್ಲಿಸಿ ನವೀಕರಣ ಪಡೆಯಬೇಕಿತ್ತು. ಸರಕಾರದ ಒಬ್ಬ ನೌಕರ ಸರಕಾರದ ಇನ್ನೊಬ್ಬ ನೌಕರನ ಮುಂದೆ ತುಕ್ಕು ಹಿಡಿದ ಗಾಡಿ ನಿಲ್ಲಿಸುವುದು ಸೇವೆಗೇ ಅಗೌರವ ಎಂದು ನನಗೆ ತೋರಿತು. ಹೆಣ್ಣು ನೋಡಲು ಬರುವ ದಿನ ಮನೆಗೆ ಸುಣ್ಣ ಹೊಡೆಸುತ್ತಾರಲ್ಲ, ಆ ಮಾದರಿಯ ಯೋಚನೆ. ಬಣ್ಣ ಬದಲಿಸಲು ಮೊದಲೇ ಅರ್ಜಿ ಕೊಟ್ಟು ಲಿಖಿತ ಅನುಮತಿಯನ್ನೂ ಪಡೆದೆ. ಇಷ್ಟು ನಿಯಮಬದ್ಧವಾಗಿ ಯಾರೂ ಹಳ್ಳಕ್ಕೆ ಬಿದ್ದಿರಲಾರರು.

ಗಾಡಿಗೆ ಬಣ್ಣ ಹೊಡೆಯುವ ಮಿಸ್ತ್ರಿಯನ್ನು ತೋರಿಸಿದವರು ಲೇಕ್ ಮಾರ್ಕೆಟಿನಲ್ಲಿ ಇಡ್ಲಿ ದೋಸೆಯ ಹೋಟೆಲು ನಡೆಸುವ ಉಡುಪಿ ಕಡೆಯವರು. ಭಾನುವಾರದ ನನ್ನ ತಿಂಡಿ ಅವರಲ್ಲೇ.

"ಹಿಂದಿನ ಗಲ್ಲಿಯಲ್ಲಿ ಒಬ್ಬ ಇದ್ದಾನೆ ಮಾರಾಯ್ರೆ," ಅಂದರು. "ನನ್ನ ಗ್ರೈಂಡರಿಗೂ ಅವನೇ ಬಣ್ಣ ಹೊಡೆದದ್ದು. ಈಗ ಅದು ನೋಡ್ಲಿಕ್ಕೆ ಚಂದ ಉಂಟು. ರುಬ್ಬುವುದು ಮೊದಲಿನ ಹಾಗೆಯೇ."

ಮಿಸ್ತ್ರಿ ನನ್ನ ಗಾಡಿಯ ಸುತ್ತ ಎರಡು ಸುತ್ತು ಬಂದ. ಅವನು ಬಂಗಾಳಿ ಬೆರೆತ ಹಿಂದಿಯಲ್ಲಿ, ನಾನು ಧಾರವಾಡ ಬೆರೆತ ಹಿಂದಿಯಲ್ಲಿ ಮಾತಾಡಿಕೊಂಡೆವು. ಅಷ್ಟರಲ್ಲಿ ಎಲ್ಲ ತೀರ್ಮಾನವಾಯಿತು. ಟ್ಯಾಂಕಿಗೂ ಪಕ್ಕದ ಪೆಟ್ಟಿಗೆಗಳಿಗೂ ಗಾಢ ಮೆರೂನ್. ಅಂಚಿಗೆ ಕೈಯಿಂದ ಎಳೆದ ಚಿನ್ನದ ಗೆರೆ. ಮಡ್‌ಗಾರ್ಡು, ಸೈಲೆನ್ಸರು, ಹ್ಯಾಂಡಲ್ಲು, ಹೆಡ್‌ಲೈಟಿನ ಬಳೆ, ಕಾಲಿನ ಮುಂದಿನ ಗಾರ್ಡು, ಇಷ್ಟಕ್ಕೂ ಕ್ರೋಮ್. ಎಂಜಿನ್ನು ಹೇಗೂ ಬಿಚ್ಚಬೇಕು, ಅದರ ಹೊದಿಕೆಗೆ ಪಾಲಿಶ್. ಬಣ್ಣವೆಲ್ಲ ತನ್ನಲ್ಲೇ, ಕ್ರೋಮು, ಪಾಲಿಶು ಹೌರಾದಲ್ಲಿ. "ದಾದಾ, ಹೌರಾದವರು ನನ್ನ ಮಾತು ಕೇಳುವುದಿಲ್ಲ," ಅಂದ. "ನಿಮ್ಮಂಥವರು ಒಮ್ಮೆ ಹೋಗಿ ಗಟ್ಟಿಯಾಗಿ ಹೇಳಿ ಬನ್ನಿ."

ಗಟ್ಟಿಯಾಗಿ ಹೇಳುವುದರಲ್ಲಿ ನನಗೆ ಮೂವತ್ತು ವರ್ಷದ ಅನುಭವ. ಮುಂದಿನ ವಾರ ಫೆರಿ ಹತ್ತಿ ಹೌರಾಕ್ಕೆ ಹೋದೆ. ಗಲ್ಲಿಯೊಳಗಿನ ಗಲ್ಲಿಯಲ್ಲಿ ಒಂದು ಉದ್ದನೆಯ ಕೋಣೆ. ನೆಲದ ತೊಟ್ಟಿಗಳಲ್ಲಿ ಹಸಿರು ನೀರು, ನೀಲಿ ನೀರು; ತಂತಿಗೆ ನೇತು ಬಿದ್ದ ಬೀಗಗಳು, ನಲ್ಲಿಗಳು, ಆಸ್ಪತ್ರೆಯ ಮಂಚದ ಕಾಲುಗಳು. ಅವುಗಳ ನಡುವೆ ನನ್ನ ಸೈಲೆನ್ಸರು ಮಾನ ಕಳೆದುಕೊಂಡವರಂತೆ ತಲೆಕೆಳಗಾಗಿತ್ತು. ಮೂಲೆಯಲ್ಲಿ ಬಟ್ಟೆಯ ಚಕ್ರಗಳು ಗುಂಯ್ಗುಡುತ್ತಿದ್ದವು. ಅದರ ಮುಂದೆ ಕೂತ ಮುದುಕ ಪಾಲಿಶ್‌ವಾಲಾನ ಮುಖ, ಕೈ, ಬನಿಯನ್ನು ಎಲ್ಲವೂ ಒಂದೇ ಕಪ್ಪು. ಅವನ ಪಕ್ಕದಲ್ಲಿ ಮುಗಿದ ಸಾಮಾನುಗಳು ಮಾತ್ರ ಕಣ್ಣು ಕುಕ್ಕುತ್ತಿದ್ದವು.

ನನ್ನ ಎಂಜಿನ್ನಿನ ಹೊದಿಕೆಯನ್ನು ಅವನು ತೊಡೆಯ ಮೇಲಿಟ್ಟುಕೊಂಡ. ನಾನು ಅದರ ಕಲೆಗಳ ಮೇಲೆ ಬೆರಳಾಡಿಸಿ, ಆದೇಶ ಓದುವವನ ಧಾಟಿಯಲ್ಲಿ ಹೇಳಿದೆ: "ಒಂದೂ ಗುರುತು ಉಳಿಯಬಾರದು. ಬೆರಳಿಟ್ಟರೆ ನೀರಿನ ಮೇಲೆ ಇಟ್ಟ ಹಾಗಿರಬೇಕು."

ಅವನು ಹೊದಿಕೆಯನ್ನು ತಿರುಗಿಸಿ, ಎಡಮಗ್ಗುಲಿನ ಒಂದು ಜಾಗದ ಮೇಲೆ ಹೆಬ್ಬೆರಳಿಟ್ಟ. "ಇಧರ್ ಭೀ, ಬಾಬು?"

ಕೆಲಸ ತಪ್ಪಿಸಿಕೊಳ್ಳುವವರು ಹೀಗೆಯೇ ಶುರು ಮಾಡುತ್ತಾರೆ, ಇಲ್ಲಿ ಬೇಕೇ, ಅಲ್ಲಿ ಬೇಕೇ ಎಂದು. ನಾನು ಆ ಹೆಬ್ಬೆರಳನ್ನು ನೋಡಿದೆನೇ ಹೊರತು ಅದರ ಅಡಿಯಲ್ಲಿ ಏನಿದೆ ಎಂದು ನೋಡಲಿಲ್ಲ. "ಸಬ್," ಅಂದೆ. ಸಾಲದೆಂದು, "ಬಿಲ್ಕುಲ್ ಸಬ್," ಎಂದೂ ಸೇರಿಸಿದೆ.

ಮುದುಕ ತಲೆಯೆತ್ತಿ ನನ್ನನ್ನು ಒಂದು ಗಳಿಗೆ ನೋಡಿದ. ಆಮೇಲೆ ತುಂಬ ಮರ್ಯಾದೆಯಿಂದ, "ಠೀಕ್ ಹೈ ಬಾಬು, ಬೈಠಿಯೇ," ಎಂದು ಸ್ಟೂಲನ್ನು ಒರೆಸಿಕೊಟ್ಟ, ಚಹಾ ತರಿಸಿದ. ನನ್ನ ವ್ಯಕ್ತಿತ್ವದ ತೂಕ ಹೌರಾದಲ್ಲೂ ತಿಳಿಯಿತಲ್ಲ ಎಂದು ಫೆರಿಯಲ್ಲಿ ವಾಪಸಾಗುವಾಗ ನನಗೆ ಸಮಾಧಾನವಾಗಿತ್ತು.

ಗಾಡಿ ವಿಶ್ವಕರ್ಮ ಪೂಜೆಯ ದಿನ ಸಿದ್ಧವಾಯಿತು. ಅಂದು ಈ ಊರಿನ ಯಂತ್ರಗಳಿಗೆಲ್ಲ ಹಬ್ಬ. ಗ್ಯಾರೇಜಿನಲ್ಲಿ ಪ್ರತಿಮೆ ಕೂರಿಸುತ್ತಾರೆ, ಮೇಲೆ ಆಕಾಶದ ತುಂಬ ಗಾಳಿಪಟ. ಮಿಸ್ತ್ರಿ ಹ್ಯಾಂಡಲ್ಲಿಗೆ ಚೆಂಡು ಹೂವಿನ ಭಾರಿ ಹಾರ ಹಾಕಿ ಕೈಗೆ ಕೊಟ್ಟ. ಮೆರೂನು ಮಾಗಿದ ದ್ರಾಕ್ಷಿಯ ಹಾಗಿತ್ತು. ಚಿನ್ನದ ಗೆರೆ ಉಸಿರು ಬಿಗಿಹಿಡಿದು ಎಳೆದದ್ದೆಂದು ನೋಡಿದರೇ ತಿಳಿಯುತ್ತಿತ್ತು. ಎಂಜಿನ್ನಿನಲ್ಲಿ ನನ್ನ ಮುಖ ಅಡ್ಡಲಾಗಿ, ಸಾಕಷ್ಟು ಸಂತುಷ್ಟವಾಗಿ ಕಾಣುತ್ತಿತ್ತು. ಮನೆಯಲ್ಲಿ ಹೆಂಡತಿ ಆರತಿ ಎತ್ತಿ, "ಗಾಡಿ ಏನೋ ಮದುವಿಗೆ ಹೊಂಟಾಂಗ ಅದ. ಅದರ ಮ್ಯಾಲೆ ಕೂಡವರದೇ ಚಿಂತಿ," ಎಂದಳು. ಮಗಳು ಸುತ್ತಲೂ ಫೋಟೊ ತೆಗೆದಳು. "ಅಪ್ಪಾ, ಇನ್ನ ನೀ ಬಸ್ ಬರೋತನಕಾ ನಿಂತ್ಕೋಬಹುದು."

ನಾನು ಸುಖವಾಗಿದ್ದದ್ದು ಎರಡು ದಿನ.

ನವೀಕರಣದ ಅರ್ಜಿಗೆ ಗಾಡಿಯ ಎರಡು ನಂಬರುಗಳ ಪೆನ್ಸಿಲ್ ಗುರುತು ಲಗತ್ತಿಸಬೇಕು. ಒಂದು ಚಾಸಿಯದು, ಒಂದು ಎಂಜಿನ್ನಿನದು. ಲೋಹದಲ್ಲಿ ಒತ್ತಿದ ಅಂಕಿಯ ಮೇಲೆ ತೆಳು ಕಾಗದವಿಟ್ಟು, ಪೆನ್ಸಿಲ್ಲನ್ನು ಅಡ್ಡ ಹಿಡಿದು ಉಜ್ಜಿದರೆ ಅಂಕಿ ಮೂಡುತ್ತದೆ. ಶನಿವಾರ ಬೆಳಿಗ್ಗೆ ಕಾಗದ ಪೆನ್ಸಿಲ್ ಹಿಡಿದು ಮೆಟ್ಟಿಲ ಕೆಳಗೆ ಕೂತೆ. ಚಾಸಿಯ ನಂಬರು ಮೊದಲ ಉಜ್ಜಿಗೇ ಬಂತು. ಎಂಜಿನ್ನಿನ ಎಡಮಗ್ಗುಲಿಗೆ ಕಾಗದವಿಟ್ಟು ಉಜ್ಜಿದೆ. ಕಾಗದ ಒಂದೇ ಸಮನೆ ಬೂದು ಬಣ್ಣಕ್ಕೆ ತಿರುಗಿತು. ಜಾಗ ತಪ್ಪಿರಬೇಕೆಂದು ಇನ್ನೊಂದು ಕಾಗದ ತಂದೆ. ಅದೂ ಬೂದು. ಮೂರನೆಯದನ್ನು ಒತ್ತಿ ಒತ್ತಿ ಉಜ್ಜಿದ್ದಕ್ಕೆ ಕಾಗದ ಹರಿಯಿತು. ಹರಿದ ಸಂದಿನಲ್ಲಿ ನನ್ನ ಒಂದು ಕಣ್ಣು ಕಂಡಿತು.

ಆಗ ಮುದುಕನ ಹೆಬ್ಬೆರಳು ನೆನಪಾಯಿತು. ಅದರ ಅಡಿಯಲ್ಲಿ ಏನಿತ್ತೆಂದು ತಿಳಿಯಿತು. ಅವನು ನನ್ನತ್ತ ನೋಡಿದ ಆ ಒಂದು ಗಳಿಗೆಯ ಅರ್ಥವೂ ಆಯಿತು. ಎಂಜಿನ್ ನಂಬರನ್ನು ಅಳಿಸು ಎಂದು ಅಷ್ಟು ಸ್ಪಷ್ಟವಾಗಿ, ಅಷ್ಟು ಧೈರ್ಯವಾಗಿ ಹೇಳುವವನು ಯಾರು? ಅವನು ನನಗೆ ಸ್ಟೂಲು ಒರೆಸಿಕೊಟ್ಟದ್ದು, ಚಹಾ ತರಿಸಿದ್ದು ಕೇಂದ್ರ ಸರಕಾರದ ಹಿರಿಯ ನೌಕರನಿಗಲ್ಲ. ಅನುಭವಸ್ಥ ವಾಹನಚೋರನಿಗೆ.

ಭಯ ಒಂದೇ ಸಲಕ್ಕೆ ಬರಲಿಲ್ಲ, ಕಚೇರಿಯ ಕಡತದ ಹಾಗೆ ಪುಟ ಪುಟವಾಗಿ ತೆರೆದುಕೊಂಡಿತು. ನಂಬರಿಲ್ಲದ ಎಂಜಿನ್ನು ಕಳವಿನ ಎಂಜಿನ್ನು. ಅಲ್ಲವೆಂದು ತೋರಿಸುವ ಹೊಣೆ ಇಟ್ಟುಕೊಂಡವನದು. ತೋರಿಸಲಾರದಿದ್ದರೆ ಕೇಸು, ಕೇಸಾದರೆ ಬಂಧನ. ಸರಕಾರಿ ನೌಕರ ನಲವತ್ತೆಂಟು ಗಂಟೆ ಮೀರಿ ಒಳಗಿದ್ದರೆ ಬೇರೆ ಆದೇಶ ಬೇಕಿಲ್ಲ, ಅಮಾನತಾದ ಹಾಗೆಯೇ. ಈ ನಿಯಮವನ್ನು ನಾನೇ ಎಷ್ಟೋ ಟಿಪ್ಪಣಿಗಳಲ್ಲಿ ಉಲ್ಲೇಖಿಸಿದ್ದೆ, ಅಂದವಾದ ಅಕ್ಷರಗಳಲ್ಲಿ. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ತಪಾಸಣೆಗೆ ಐದು ದಿನ.

ಮಿಸ್ತ್ರಿಯ ಹತ್ತಿರ ಹೋಗಲೇಬೇಕಿತ್ತು, ಹೋಗಲು ಇದ್ದದ್ದು ಅದೇ ಗಾಡಿ. ಅದು ಕಂದಿದ ಕಪ್ಪಾಗಿದ್ದಾಗ ಬೀದಿಯಲ್ಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ಎದುರು ಬಂದವರೆಲ್ಲ ತಿರುಗಿ ನೋಡಿದರು. ಕ್ರೋಮಿನ ಗುಣವೇ ಅದು, ಸುತ್ತಲಿನವರನ್ನೆಲ್ಲ ಕರೆಯುತ್ತದೆ. ರೈಲ್ವೆ ಗೇಟು ಮುಚ್ಚಿತ್ತು. ನಾನು ನಿಂತೆ. ಪಕ್ಕಕ್ಕೆ ಇನ್ನೊಂದು ಗಾಡಿ ಬಂದು ನಿಂತಿತು. ಅದರ ಮೇಲೆ ಬಿಳಿ ಸಮವಸ್ತ್ರದ ಟ್ರಾಫಿಕ್ ಸಾರ್ಜೆಂಟ್.

ನಾನು ಹಳಿಗಳನ್ನು ನೋಡತೊಡಗಿದೆ. ಅವರು ನನ್ನ ಗಾಡಿಯನ್ನು ನೋಡತೊಡಗಿದರು. ಮೊದಲು ಟ್ಯಾಂಕು, ಆಮೇಲೆ ಸೈಲೆನ್ಸರು. ಆಮೇಲೆ ಬಾಗಿ, ಎಂಜಿನ್ನಿನ ಎಡಮಗ್ಗುಲಿಗೆ ಮುಖ ತಂದರು. ನನ್ನ ಕಿವಿಯಲ್ಲಿ ರೈಲು ಬರುವ ಮೊದಲೇ ರೈಲಿನ ಸದ್ದು ಕೇಳಿಸುತ್ತಿತ್ತು.

"ದಾದಾ," ಎಂದರು. "ಇದನ್ನು ಎಲ್ಲಿ ಮಾಡಿಸಿದ್ದು?"

ಹೆಸರು ಹೇಳಿದರೆ ಮುದುಕನೂ ಸಿಕ್ಕಿಬೀಳುತ್ತಾನೆ, ಹೇಳದಿದ್ದರೆ ನಾನೊಬ್ಬನೇ. "ಹೌರಾ," ಎಂದಿತು ನನ್ನ ಬಾಯಿ.

"ಇಷ್ಟು ಸಾಫ್ ಎಂಜಿನ್ ನಾನು ನೋಡಿಲ್ಲ. ಒಂದು ಗೀರೂ ಇಲ್ಲ." ಅವರು ಎಂಜಿನ್ನಿನಲ್ಲಿ ತಮ್ಮ ಮೀಸೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿಕೊಂಡು ತೀಡಿದರು. "ನನ್ನ ಭಾವನ ಗಾಡಿ ಇದೆ. ಗಲ್ಲಿ ಹೇಳಿ."

ಹೇಳಿದೆ. ಅವರು ಅದನ್ನು ಅಂಗೈ ಮೇಲೆ ಬರೆದುಕೊಂಡರು. ರೈಲು ಹೋಯಿತು, ಗೇಟು ತೆರೆಯಿತು, ಅವರು ಹೋದರು. ನನ್ನ ಹಿಂದಿನವರು ಹಾರ್ನು ಬಾರಿಸುತ್ತಲೇ ಇದ್ದರು. ಗಾಡಿಗೆ ಗೇರು ಹಾಕಬೇಕೆಂಬುದು ನನಗೆ ಹೊಳೆಯಲಿಲ್ಲ.

ಮಿಸ್ತ್ರಿ ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಚಾಸಿಯ ನಂಬರಿಗೆ ನಾನು ಟೇಪು ಅಂಟಿಸಿಯೇ ಬಣ್ಣ ಹೊಡೆದದ್ದು," ಎಂದ. "ಹೌರಾದಲ್ಲಿ ಏನು ಹೇಳಿದಿರಿ ದಾದಾ?"

"ಒಂದೂ ಗುರುತು ಉಳಿಯಬಾರದು ಅಂದೆ."

"ಉಳಿದಿಲ್ಲವಲ್ಲ."

"ಜೋಡಿಸುವಾಗ ನೀನು ನೋಡಲಿಲ್ಲವೇ?"

"ನೋಡಿದೆ. ನೀವೇ ಹೇಳಿ ಮಾಡಿಸಿದ್ದು ಅಂದುಕೊಂಡೆ." ಅವನು ದನಿ ತಗ್ಗಿಸಿದ. "ದೊಡ್ಡವರ ವಿಷಯ ನಾನು ಕೇಳುವುದಿಲ್ಲ."

ಅವನು ಹಾಕಿದ ಹಾರದ ಗಾತ್ರ ನನಗೆ ಆಗ ಅರ್ಥವಾಯಿತು. ಒಂದೇ ತಿಂಗಳಲ್ಲಿ ಹೂಗ್ಲಿಯ ಎರಡೂ ದಂಡೆಗಳಲ್ಲಿ ನಾನು ಕಳ್ಳನೆಂದು ಗೌರವ ಸಂಪಾದಿಸಿದ್ದೆ.

ಮಿಸ್ತ್ರಿ ಒಳಗಿನಿಂದ ಒಂದು ಮರದ ಡಬ್ಬಿ ತಂದು ಮುಚ್ಚಳ ತೆಗೆದ. ಸೊನ್ನೆಯಿಂದ ಒಂಬತ್ತರವರೆಗೆ ಉಕ್ಕಿನ ಅಚ್ಚುಗಳು, ಸಾಲಾಗಿ. "ಪುಸ್ತಕ ಕೊಡಿ," ಅಂದ. "ಅದರಲ್ಲಿರುವ ನಂಬರೇ ಒತ್ತುತ್ತೇನೆ. ನಿಮ್ಮದೇ ನಂಬರು, ನಿಮ್ಮದೇ ಎಂಜಿನ್ನು. ಅರ್ಧ ಗಂಟೆ. ಆಮೇಲೆ ಸ್ವಲ್ಪ ಎಣ್ಣೆ, ಸ್ವಲ್ಪ ಮಣ್ಣು. ಇನ್ಸ್‌ಪೆಕ್ಟರ ಅಪ್ಪನಿಗೂ ಗೊತ್ತಾಗದು."

ಇಲ್ಲಿ ನಾನು ಎದ್ದು ನಿಂತು ಸತ್ಯದ ಬಗ್ಗೆ ನಾಲ್ಕು ಮಾತಾಡಿದೆನೆಂದು ಬರೆಯುವ ಅವಕಾಶವಿದೆ. ಆದದ್ದು ಹಾಗಲ್ಲ. ನಾನು ಪುಸ್ತಕ ತೆಗೆದುಕೊಟ್ಟೆ. ಅವನು ಮೊದಲ ಅಂಕಿ ಏಳನ್ನು ಆರಿಸಿ, ಎಂಜಿನ್ನಿನ ಮೇಲೆ ನಿಲ್ಲಿಸಿ, ಸುತ್ತಿಗೆ ಎತ್ತಿದ. ಪುಸ್ತಕದಲ್ಲಿ ಹಿಂದೊಮ್ಮೆ ಅಂಟಿಸಿದ ಹಳೆಯ ಪೆನ್ಸಿಲ್ ಗುರುತಿತ್ತು. ನನ್ನ ಕಣ್ಣು ಅದರ ಮೇಲೆ ಬಿತ್ತು. ಕಂಪನಿಯ ಏಳಕ್ಕೆ ಸೊಂಟದಲ್ಲೊಂದು ಬಳುಕು. ಇವನ ಏಳು ಕೊಡಲಿಯ ಹಾಗೆ ನೇರ.

"ನಿಲ್ಲಿಸು," ಅಂದೆ.

"ಏನಾಯಿತು?"

"ಏಳು ಬೇರೆ ಥರ ಇದೆ."

"ಏಳು ಏಳೇ ದಾದಾ."

ಸುತ್ತಿಗೆ ಇನ್ನೂ ಮೇಲಿತ್ತು. ನಂಬರಿಲ್ಲದಿದ್ದರೆ ನಾನು ಕಳ್ಳನಂತೆ ಕಾಣುತ್ತೇನೆ, ಅಷ್ಟೆ. ಆ ಸುತ್ತಿಗೆ ಕೆಳಗೆ ಬಿದ್ದರೆ ನಿಜವಾಗಿಯೂ ಆಗುತ್ತೇನೆ. ಹಾಗೆಂದು ಆ ಹೊತ್ತಿಗೆ ಇಷ್ಟು ಸ್ಪಷ್ಟವಾಗಿ ಯೋಚಿಸಿದೆನೋ, ಇಲ್ಲ ಬಳುಕಿಲ್ಲದ ಆ ಏಳು ನ್ಯಾಯಾಲಯದಲ್ಲಿ ದೊಡ್ಡದಾಗಿ ಕಾಣಿಸಿಕೊಂಡಿತೋ ಹೇಳಲಾರೆ. ಅದು ಪ್ರಾಮಾಣಿಕತೆಯಲ್ಲ, ಇನ್ನೂ ದೊಡ್ಡ ಭಯ ಎನ್ನುವುದೇ ಸರಿ. ಪುಸ್ತಕ ಕಿತ್ತುಕೊಂಡು ಹೊರಗೆ ಬಂದೆ.

ಹೋಟೆಲಿನಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಹೋಟೆಲಿನವರು ಗಲ್ಲಾ ಬಿಟ್ಟು ನನ್ನ ಎದುರಿನ ಕುರ್ಚಿಗೆ ಬಂದರು. ಮರಣದ ಸುದ್ದಿಗೆ ಮಾತ್ರ ಅವರು ಹಾಗೆ ಬರುವವರು.

"ನಮ್ಮ ಕಡೆಯವ ಒಬ್ಬ ಇಲ್ಲಿ ಹಳೇ ಸ್ಕೂಟರ್ ತೆಗೆದುಕೊಂಡಿದ್ದ," ಅಂದರು. "ಅದರ ನಂಬರಿನಲ್ಲಿ ಏನೋ ತಕರಾರು ಬಂತು."

"ಏನು ಮಾಡಿದರು ಅವನನ್ನು?"

"ಅವನನ್ನು ಏನೂ ಇಲ್ಲ. ಈಗ ಊರಲ್ಲಿದ್ದಾನೆ, ಆರಾಮ. ಸ್ಕೂಟರು ಮಾತ್ರ ಇನ್ನೂ ಠಾಣೆಯ ಹಿಂದೆ ಉಂಟು. ಅದರ ಸೀಟಿನಲ್ಲಿ ಅಶ್ವತ್ಥದ ಗಿಡ ಬಂದಿದೆ. ಯಾರೋ ದಾರ ಸುತ್ತಿ ಹೋಗಿದ್ದಾರೆ." "ಇನ್ನೊಂದು ಕಾಫಿ ತನ್ನಿ," ಎಂದು ಒಳಗೆ ಕೂಗಿದರು. "ನೀವು ಸುಮ್ಮನೆ ಹೆದರಬೇಡಿ ಮಾರಾಯ್ರೆ. ಆದ್ರೆ ಬಿ.ಪಿ. ಮಾತ್ರೆ ಕಿಸೆಯಲ್ಲೇ ಇಟ್ಟುಕೊಳ್ಳಿ."

ಅಂದಿನಿಂದ ಇಟ್ಟುಕೊಂಡೆ. ಮಾತ್ರೆ, ಓದುವ ಕನ್ನಡಕ, ಒಂದು ಟೂತ್‌ಬ್ರಷ್ಷು. ಟೂತ್‌ಬ್ರಷ್ಷನ್ನು ಹೆಂಡತಿ ಅಂಗಿ ಒಗೆಯುವಾಗ ಕಂಡುಹಿಡಿದಳು. ಹೇಳದೆ ಗತಿಯಿರಲಿಲ್ಲ.

ಅವಳು ಕೇಳಿ ಮುಗಿಸಿ, ಗಾಡಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. "ನೀವು ಕದ್ದಿಲ್ಲ ಅಂಬೂದು ನನಗ ಗೊತ್ತದ. ಆದ್ರ ನಿಮ್ಮ ಮಾರಿ ನೋಡಿದ್ರ ಕದ್ದಾಂಗ ಕಾಣಸ್ತದ. ಇಂಥಾ ಮಾರಿ ಹೊತಗೊಂಡು ಅವರ ಮುಂದ ನಿಂತ್ರ ಯಾರ್ ಬಿಡತಾರ?"

"ಮತ್ತೇನು ಮಾಡಲಿ?"

"ಮೊದಲ ನೀವ ಹೇಳ್ರಿ. ಅವರು ಕೇಳೂ ಮಟಾ ತಡೀಬ್ಯಾಡ್ರಿ. ಬರೇ ಹೇಳೂದಲ್ಲ, ಬರದ ಕೊಡ್ರಿ. ಬರಿಯೂದರಾಗರ ಶಾಣ್ಯಾ ಇದ್ದೀರಲ್ಲ."

ಬರೆದೆ. ನಾಲ್ಕು ಪ್ಯಾರಾದ ಅರ್ಜಿ. ಮೊದಲನೆಯದರಲ್ಲಿ ಹಿನ್ನೆಲೆ, ಎರಡನೆಯದರಲ್ಲಿ ಘಟನೆ, ಮೂರನೆಯದರಲ್ಲಿ ವಿಷಾದ, ನಾಲ್ಕನೆಯದರಲ್ಲಿ ಪ್ರಾರ್ಥನೆ. ಗುರುವಾರ ತಪಾಸಣೆಯ ಮೈದಾನದಲ್ಲಿ ಗಾಡಿಗಳ ಸಾಲು ಇನ್ಸ್‌ಪೆಕ್ಟರ ಮೇಜಿನತ್ತ ಒಂದೊಂದೇ ಸರಿಯುತ್ತಿತ್ತು. ಬಿಸಿಲಿಗೆ ನನ್ನದೊಂದೇ ಗಾಡಿ ದೀಪದ ಹಾಗೆ ಉರಿಯುತ್ತಿತ್ತು. ನನ್ನ ಸರದಿ ಬಂದಾಗ ಗಾಡಿಗಿಂತ ಮುಂಚೆ ಅರ್ಜಿಯನ್ನು ಮುಂದೆ ಮಾಡಿದೆ.

ಇನ್ಸ್‌ಪೆಕ್ಟರು ಓದಿದರು. ಮತ್ತೆ ಮೊದಲಿನಿಂದ ಓದಿದರು. "ಮೂವತ್ತು ವರ್ಷದಲ್ಲಿ ಎಂಜಿನ್ ನಂಬರು ಅಳಿಸಿದವರು ಎಷ್ಟೋ ಜನ ಬಂದಿದ್ದಾರೆ," ಎಂದರು. "ತಾವೇ ಅಳಿಸಿದ್ದೆಂದು ಲಗತ್ತುಗಳ ಸಮೇತ ಅರ್ಜಿ ಕೊಟ್ಟವರು ಯಾರೂ ಇಲ್ಲ. ನೀವು ಯಾವ ಇಲಾಖೆ?"

ಹೇಳಿದೆ.

"ಅದಕ್ಕೇ," ಎಂದರು. ಆದರೆ ನಗಲಿಲ್ಲ. ಅರ್ಜಿಯ ಅಂಚಿನಲ್ಲಿ ಏನೋ ಬರೆದು, ಇದು ತಮ್ಮ ಕೈಯಲ್ಲಿಲ್ಲ, ಠಾಣೆಗೆ ಹೋಗಬೇಕು, ಅವರು ಗಾಡಿಯನ್ನು ಪರೀಕ್ಷೆಗೆ ಇಟ್ಟುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಹಳೆಯ ನಂಬರು ಕಂಡರೆ ಸರಿ ಎಂದರು. "ಕಾಣದಿದ್ದರೆ?" ಎಂದು ಕೇಳಿದೆ. ಅವರು ಹಿಂದಿನ ಗಾಡಿಯವನನ್ನು ಕರೆದರು.

ಠಾಣೆಯ ಮುಖ್ಯಸ್ಥರನ್ನು ಈ ಊರಿನಲ್ಲಿ ಬೊಡೊಬಾಬು ಎನ್ನುತ್ತಾರೆ. ಬೊಡೊಬಾಬು ಗಾಡಿಯನ್ನು ಹಿತ್ತಲಿನಲ್ಲಿ ನಿಲ್ಲಿಸಿ ರಸೀದಿ ಬರೆಸಿಕೊಟ್ಟರು. ನಾನು ಅಲ್ಲೇ ನಿಂತಿದ್ದೆ.

"ಇನ್ನೇನು?" ಎಂದರು.

"ನಾನೂ ಇರಬೇಕೇ?"

ಅವರು ನನ್ನ ಕಿಸೆಯಿಂದ ಇಣುಕುತ್ತಿದ್ದ ಬ್ರಷ್ಷನ್ನು ನೋಡಿದರು. "ನಿಮಗೆ ಜಾಗ ಎಲ್ಲಿದೆ ಇಲ್ಲಿ? ಮನೆಗೆ ಹೋಗಿ. ಕರೆದಾಗ ಬನ್ನಿ. ಊರು ಬಿಟ್ಟು ಮಾತ್ರ ಹೋಗಬೇಡಿ."

ಅವರು ಸಹಜವಾಗಿ ಹೇಳಿದ ಆ ಕೊನೆಯ ಮಾತು ನನ್ನೊಳಗೆ ಬಹಳ ದಿನ ಉಳಿಯಿತು. ಅಷ್ಟರಲ್ಲಿ ದುರ್ಗಾ ಪೂಜೆ ಬಂತು. ಊರು ಊರೇ ಬಾಗಿಲು ಹಾಕಿ ಬೀದಿಗಿಳಿಯಿತು, ಗಾಡಿ ಪರೀಕ್ಷಿಸಬೇಕಿದ್ದ ಪೊಲೀಸ್ ಪ್ರಯೋಗಾಲಯಕ್ಕೂ ರಜೆ. ಪ್ರತಿ ಮೂಲೆಯಲ್ಲಿ ಢಾಕ್ ಬಡಿಯುತ್ತಿತ್ತು. ಅದು ಸಂಭ್ರಮದ ವಾದ್ಯವೆಂದು ಎಲ್ಲರೂ ಹೇಳುತ್ತಾರೆ. ನನಗೆ ಆ ವರ್ಷ ಅದು ಯಾರೋ ಬಾಗಿಲು ಬಡಿದ ಹಾಗೆಯೇ ಕೇಳಿಸಿತು. ಗೇಟಿನ ಸದ್ದಾದರೆ ಎದ್ದು ನಿಲ್ಲುತ್ತಿದ್ದೆ. ಬಂದವರು ಪೂಜೆಯ ಚಂದಾ ಕೇಳುವವರಾಗಿರುತ್ತಿದ್ದರು. ಅವರನ್ನು ಕಂಡು ಅಷ್ಟು ಸಂತೋಷಪಟ್ಟವರು ನಮ್ಮ ಕೇರಿಯಲ್ಲಿ ಬೇರೆ ಯಾರೂ ಇದ್ದಿರಲಾರರು. ಆಯುಧ ಪೂಜೆಯ ದಿನ ನಮ್ಮಲ್ಲಿದ್ದದ್ದು ಗಾಡಿಯ ಕೀಲಿ ಮಾತ್ರ. ಹೆಂಡತಿ ಅದಕ್ಕೇ ಕುಂಕುಮ ಹಚ್ಚಿ ಹೂವಿಟ್ಟಳು. ಮಗಳು ಹತ್ತಿರ ಬಂದು ನಿಂತು, "ಅಪ್ಪಾ, ಸಾರಿ," ಎಂದಳು.

"ನಿಂದೇನು ತಪ್ಪಿಲ್ಲ."

"ಐ ನೋ. ಆದ್ರೂ ಹೇಳಬೇಕು ಅನಿಸ್ತು. ಅವರು ನಿನ್ನನ್ನ ಏನೂ ಮಾಡಲ್ಲ, ಹೈ ನಾ?"

ಇಲ್ಲ ಎಂದೆ. ಅವಳು ನಂಬಿದ ಹಾಗೆ ಮಾಡಿದಳು.

ಕರೆ ಬಂದದ್ದು ಹುಣ್ಣಿಮೆಯ ಲಕ್ಷ್ಮೀ ಪೂಜೆಯೂ ಮುಗಿದ ಮೇಲೆ. ಪ್ರಯೋಗಾಲಯದಿಂದ ಬಂದಿದ್ದ ತಜ್ಞೆ ನನ್ನ ವಯಸ್ಸಿನವರು. ಹತ್ತಿ ಸೀರೆ, ರಬ್ಬರ್ ಕೈಗವಸು, ಎರಡು ಸೀಸೆ, ಒಂದು ಹತ್ತಿಯ ಸುರುಳಿ. ಎಂಜಿನ್ನಿನ ಎಡಮಗ್ಗುಲಿಗೆ ಸಣ್ಣ ಸ್ಟೂಲು ಹಾಕಿಕೊಂಡು ಕೂತರು. ಅಂಕಿ ಒತ್ತಿದಾಗ ಮೇಲಷ್ಟೇ ಅಲ್ಲ, ಅದರ ಕೆಳಗಿನ ಲೋಹವೂ ಬಿಗಿಯುತ್ತದೆ, ಮೇಲಿನದನ್ನು ತೇದರೂ ಆಸಿಡ್ಡು ಕೆಳಗಿನದನ್ನು ತೋರಿಸಬಹುದು ಎಂದು ಪಾಠ ಹೇಳುವವರಂತೆ ವಿವರಿಸಿದರು. "ತುಂಬ ಆಳ ತೇದಿದ್ದರೆ ಏನೂ ಬರದು," ಎಂದೂ ಹೇಳಿದರು. ಮುದುಕನ ಕಸುಬುದಾರಿಕೆಯ ಮೇಲೆ ನನಗಿದ್ದ ನಂಬಿಕೆ ಆಗ ಬಹಳ ಭಾರವಾಯಿತು.

ಅವರು ಹತ್ತಿ ಅದ್ದಿ ಒರೆಸಿದರು. ಕಾದರು. ಮತ್ತೆ ಒರೆಸಿದರು. ಬೊಡೊಬಾಬು ನೋಂದಣಿ ಪುಸ್ತಕ ಹಿಡಿದು ನಿಂತಿದ್ದರು. ನನಗೆ ಅದನ್ನು ನೋಡಲು ಬಿಡಲಿಲ್ಲ, ಬಿಡುವ ಅಗತ್ಯವೂ ಇರಲಿಲ್ಲ. ಏಳೂ ಅಂಕಿಗಳು ನನಗೆ ಗಾಯತ್ರಿಗಿಂತ ಚೆನ್ನಾಗಿ ಬಾಯಿಗೆ ಬಂದಿದ್ದವು. ಹತ್ತು ನಿಮಿಷ ಏನೂ ಇಲ್ಲ. ಹೊಳಪು ಮಂಕಾಗಿ ಹಾಲಿನ ಕೆನೆಯಂತಾಯಿತು. ಕಿಸೆಯ ಮಾತ್ರೆ ನೆನಪಾಯಿತು. ಕೈ ಹಾಕಿದರೆ ಇವರು ಏನು ತಿಳಿಯುತ್ತಾರೋ ಎಂದು ಹಾಕಲಿಲ್ಲ.

"ಏಳು," ಎಂದರು ತಜ್ಞೆ.

ಬೊಡೊಬಾಬು ಪುಸ್ತಕ ನೋಡಿದರು.

"ಸೊನ್ನೆ. ನಾಲ್ಕು." ಮತ್ತೆ ಹತ್ತಿ. ಭೂತಗನ್ನಡಿ ತೆಗೆದು ಬಹಳ ಹೊತ್ತು ಬಾಗಿದರು. "ಇದು ಮೂರು ಇರಬೇಕು."

ನನ್ನ ಎಂಜಿನ್ನಿನ ನಾಲ್ಕನೆಯ ಅಂಕಿ ಎಂಟು.

ಯಾರೂ ನನ್ನತ್ತ ನೋಡಲಿಲ್ಲ. ಬೊಡೊಬಾಬು ಪುಸ್ತಕವನ್ನು ಮಡಚಿ, ಮತ್ತೆ ಬಿಚ್ಚಿದರು. ನನ್ನ ಗಂಟಲಿನಲ್ಲಿ ಎಂಟು ಎನ್ನುವ ಮಾತು ಎದ್ದು ನಿಂತಿತ್ತು. ಹೇಳಿದರೆ ಹೇಳಿಕೊಟ್ಟ ಹಾಗಾಗುತ್ತದೆ. ಬಾಯಿ ಮುಚ್ಚಿ ಗೋಡೆಯ ಮೇಲಿನ ಸುಣ್ಣದ ಬಿರುಕನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದೆ.

ತಜ್ಞೆ ಎರಡನೆಯ ಸೀಸೆ ತೆರೆದು, ಹೊಸ ಹತ್ತಿಯಿಂದ ಅದೊಂದೇ ಜಾಗವನ್ನು ಮೆಲ್ಲಗೆ ತಟ್ಟಿದರು. ಕಾದರು. ಟಾರ್ಚನ್ನು ಅಡ್ಡಲಾಗಿ ಹಿಡಿದರು.

"ಎಡಗಡೆಯೂ ಮುಚ್ಚಿದೆ," ಎಂದರು. "ಎಂಟು."

ಐದನೆಯದೂ ಬಂತು. ಆರನೆಯದೂ ಏಳನೆಯದೂ ಬರಲೇ ಇಲ್ಲ. ಅಲ್ಲಿ ಮುದುಕ ತುಸು ಹೆಚ್ಚು ಶ್ರದ್ಧೆ ವಹಿಸಿದ್ದ. ಏಳರಲ್ಲಿ ಐದು ಅಂಕಿ ಪುಸ್ತಕಕ್ಕೆ ತಾಳೆಯಾಗುತ್ತವೆ, ಚಾಸಿಯ ನಂಬರು ಪೂರ್ತಿ ಇದೆ, ಬೇರೆ ನಂಬರು ಒತ್ತಿದ ಗುರುತು ಎಲ್ಲೂ ಇಲ್ಲ ಎಂದು ತಜ್ಞೆ ವರದಿಯಲ್ಲಿ ಬರೆದರು. ಬೇರೆ ನಂಬರು ಒತ್ತಿದ ಗುರುತು ಇಲ್ಲ ಎಂಬ ಸಾಲನ್ನು ಬೊಡೊಬಾಬು ಬೆರಳಿಟ್ಟು ಎರಡು ಸಲ ಓದಿ ಸಹಿ ಹಾಕಿದರು. "ಅಂಥದೊಂದು ಗುರುತು ಇದ್ದಿದ್ದರೆ ಕಷ್ಟವಿತ್ತು," ಎಂದರು. ನಾನು ಮಿಸ್ತ್ರಿಯ ಡಬ್ಬಿಯ ಸುದ್ದಿ ಎತ್ತಲಿಲ್ಲ.

ನವೆಂಬರಿನಲ್ಲಿ ಸಾರಿಗೆ ಕಚೇರಿಯವರು ಎಂಜಿನ್ನಿನ ಮೇಲೆ ತಮ್ಮದೇ ಒಂದು ಹೊಸ ನಂಬರನ್ನು ಒತ್ತಿ, ನೋಂದಣಿ ಪುಸ್ತಕದಲ್ಲಿ ಹಳೆಯದಕ್ಕೆ ಅಡ್ಡಗೆರೆ ಎಳೆದು, ಐದು ವರ್ಷಕ್ಕೆ ನವೀಕರಣ ಕೊಟ್ಟರು. ಆಸಿಡ್ಡು ತಗುಲಿದ ಕಡೆ ನಾಲ್ಕು ಬೆರಳಿನಗಲ ಪಾಲಿಶ್ ಹೋಗಿದೆ. ಅದನ್ನು ಮತ್ತೆ ಹೊಳೆಯಿಸಲು ನಾನು ಹೌರಾಕ್ಕೆ ಹೋಗಿಲ್ಲ.